ಮನೆಯ ಅಲಂಕಾರಕ್ಕೆ ಸ್ಫೂರ್ತಿ ಎಲ್ಲಿಂದ?

‘ಅಲಂಕಾರ’ ಎಂಬ ಶಬ್ದವನ್ನು ನಾವು ದಿನನಿತ್ಯವೂ ಬಳಸುತ್ತೇವೆ. ಅದನ್ನು ಬಿಡಿಸಿ ನೋಡುವವರು ವಿರಳ. ಸಂಸ್ಕೃತದಲ್ಲಿ ‘ಅಲಂ’ ಎಂದರೆ ಸಾಕು, ತಕ್ಕಷ್ಟು ಎಂದರ್ಥ. ಹಾಗಾದರೆ ಅಲಂಕಾರವೆಂದರೆ ಸಾಕೆನಿಸುವಂತೆ ಮಾಡುವುದು. ಕೊರತೆಯಿದ್ದಲ್ಲಿ ತುಂಬುವುದು, ತುಂಬಿದ ಮೇಲೆ ಕೈಯನ್ನು ತಡೆಯುವುದು, ಇವೆರಡೂ ಆ ಒಂದು ಶಬ್ದದಲ್ಲಿ ಅಡಗಿವೆ. ಪೇಟೆಯ ಅಂಗಡಿಗಳೂ ಮೊಬೈಲಿನ ತೆರೆಯ ಮೇಲೆ ಒಂದರ ಹಿಂದೊಂದಾಗಿ ಸರಿಯುವ ಚಿತ್ರಗಳೂ ಇಂದು ನಮಗೆ ಕಲಿಸುತ್ತಿರುವುದು ಇದಕ್ಕೆ ತದ್ವಿರುದ್ಧವಾದ ಪಾಠವನ್ನು. ಎಷ್ಟು ತಂದರೂ ಸಾಲದು ಎಂಬುದೇ ಆ ಪಾಠ.

ಈ ತಿಂಗಳ ಅಂಕಣಕ್ಕೆ ವಿಷಯವನ್ನು ಒದಗಿಸಿದವರು ನಮ್ಮ ಓದುಗ ಸೋದರಿಯೊಬ್ಬರು. ಅವರ ಹಂಚಿನ ಹಳೆಯ ಮನೆಯ ಪಕ್ಕದಲ್ಲಿ ಹೊಸ ತಾರಸಿ ಮನೆ ಎದ್ದಿದೆ. ಯಜಮಾನರು ಗಲ್ಫಿನಲ್ಲಿ ಬೆವರು ಸುರಿಸಿ ಗಳಿಸಿದ ಹಣ ಗೋಡೆ ಮಾಡುಗಳಿಗೇ ಮುಗಿದಿದೆ. ಒಳಗೆ ಬರಿಯ ಗೋಡೆಗಳು. ಈ ನಡುವೆ ಹಳೆ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬ ಬಂದು ಅಟ್ಟದಲ್ಲಿರುವ ಮರಿಗೆ, ಕಳಸಿಗೆ, ಕಂಚಿನ ಪಾತ್ರೆ ಎಲ್ಲವನ್ನೂ ಒಟ್ಟು ಬೆಲೆಗೆ ಕೇಳಿ ಹೋಗಿದ್ದಾನೆ. ಅವನ್ನು ಕೊಟ್ಟು, ಬಂದ ಹಣದಲ್ಲಿ ಮಂಗಳೂರಿನಿಂದ ಅಲಂಕಾರದ ಸಾಮಾನು ತರೋಣವೆಂದು ಮಕ್ಕಳ ಒತ್ತಾಯ. “ಮನೆಯನ್ನು ಚಂದ ಮಾಡುವ ಆಸೆ ನನಗೂ ಇದೆ. ಆದರೆ ಎಲ್ಲಿಂದ ಆರಂಭಿಸಲಿ ಮಾಷ್ಟ್ರೇ?” ಎಂದು ಸೋದರಿ ಕೇಳಿದ್ದಾರೆ.

ನನ್ನ ಮೊದಲ ಉತ್ತರ ಸರಳವಾದುದು: ಆ ವ್ಯಾಪಾರಿಗೆ ಒಂದು ತಿಂಗಳು ತಡೆಯಲು ಹೇಳಿರಿ. ಅಷ್ಟರಲ್ಲಿ ಮಕ್ಕಳನ್ನು ಕರೆದುಕೊಂಡು ಅಟ್ಟ ಹತ್ತಿ, ಅಲ್ಲಿರುವ ಒಂದೊಂದು ವಸ್ತುವಿನ ಹೆಸರನ್ನೂ ಉಪಯೋಗವನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಿಸಿರಿ. ಹೆಸರು ನೆನಪಾಗದಿದ್ದರೆ ಅತ್ತೆಯವರನ್ನೋ ನೆರೆಮನೆಯ ಅಜ್ಜಿಯನ್ನೋ ಕೇಳಿರಿ. ಕೊಡುವುದೋ ಇಟ್ಟುಕೊಳ್ಳುವುದೋ ಎಂಬ ತೀರ್ಮಾನ ಆ ಪಟ್ಟಿ ಮುಗಿದ ಮೇಲೆ ಆಗಲಿ.

ವ್ಯಾಪಾರಿಯನ್ನು ನಾನು ದೂರುವುದಿಲ್ಲ. ಅವನಿಗೆ ವಸ್ತುವಿನ ಬೆಲೆ ಗೊತ್ತಿದೆ. ನಮ್ಮ ಅಟ್ಟಗಳಿಂದ ಅಗ್ಗಕ್ಕೆ ಇಳಿದ ಮರಿಗೆ ದೂರದ ಪಟ್ಟಣದ ಹೋಟೆಲಿನ ಹಜಾರದಲ್ಲಿ ಹೂವು ತುಂಬಿಕೊಂಡು ಕುಳಿತಿರುತ್ತದೆ. ಅಲ್ಲಿ ಅದರ ಫೋಟೋ ತೆಗೆದು ಊರಿಗೆ ಕಳುಹಿಸುವವರೂ ನಾವೇ. ಒಮ್ಮೆ ಮಣಿಪಾಲದ ‘ಹಸ್ತಶಿಲ್ಪ’ ಪಾರಂಪರಿಕ ಗ್ರಾಮವನ್ನು ಮಕ್ಕಳೊಡನೆ ನೋಡಿ ಬನ್ನಿ. 2017ರಲ್ಲಿ ದಿವಂಗತರಾದ ವಿಜಯನಾಥ ಶೆಣೈಯವರು, ನೆಲಸಮವಾಗಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಪುನಃ ಜೋಡಿಸಿ ನಿಲ್ಲಿಸಿದರು. ಬಿ.ಸಿ.ರೋಡಿನಲ್ಲಿರುವ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ವಸ್ತುಸಂಗ್ರಹಾಲಯದಲ್ಲಿ ನಮ್ಮ ಅಡುಗೆಮನೆಯ, ಬೇಸಾಯದ ಸಲಕರಣೆಗಳನ್ನೇ ಜೋಪಾನವಾಗಿ ಇರಿಸಿದ್ದಾರೆ. ‘ಇದು ನಮ್ಮ ಮನೆಯಲ್ಲೂ ಇದೆ!’ ಎಂದು ಮಗು ಅಲ್ಲಿ ಉದ್ಗರಿಸಿದರೆ, ಅಲಂಕಾರದ ಮೊದಲ ಪಾಠ ಮುಗಿದಂತೆಯೇ ಸರಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಈಚೆಗೆ ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳಿಗೆ, ಮನೆಯ ಭಾಗಗಳ ಮತ್ತು ಮನೆಯಲ್ಲಿರುವ ವಸ್ತುಗಳ ಇಪ್ಪತ್ತು ಹೆಸರುಗಳನ್ನು ಬರೆದು ತರಲು ಹೇಳಿದ್ದೆ. ಬಂದ ಪಟ್ಟಿಗಳಲ್ಲಿ ಸಿಟ್‌ಔಟ್, ಹಾಲ್, ಸೋಫಾ, ಫ್ರಿಜ್, ಮಿಕ್ಸಿಗಳು ಎಲ್ಲರಲ್ಲೂ ಇದ್ದವು. ‘ಜಗಲಿ’ ಎಂದು ಬರೆದವರು ಇಬ್ಬರು. ‘ಕೆರೆಮಣೆ’ ಎಂದು ಬರೆದವಳು ಒಬ್ಬಳೇ. ಅವಳ ಮನೆಯಲ್ಲಿ ಅಜ್ಜಿ ಇದ್ದಾರೆ. ದಾರಂದ, ದಳಿ, ಮುಚ್ಚಿಗೆ, ಮೆಟ್ಟುಕತ್ತಿ, ಗೆರಸೆ ಇವು ಯಾರ ಪಟ್ಟಿಯಲ್ಲೂ ಇರಲಿಲ್ಲ. ಇದರಲ್ಲಿ ಮಕ್ಕಳದೇನೂ ತಪ್ಪಿಲ್ಲ. ಕಣ್ಣಿಗೆ ಬೀಳದ ವಸ್ತುವಿನ ಹೆಸರು ನಾಲಗೆಗೆ ಬರುವುದಾದರೂ ಹೇಗೆ? ‘ಕಡೆಗೋಲು’ ಎಂದು ಕರಿಹಲಗೆಯ ಮೇಲೆ ಬರೆದು ನಾನು ಅರ್ಥ ಹೇಳಬಲ್ಲೆ. ಮೊಸರು ಕಡೆಯುವ ಸದ್ದನ್ನು ಅಲ್ಲಿ ಬರೆದು ತೋರಿಸಲಾರೆ.

1956ರ ನವೆಂಬರ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ಕಚೇರಿಯ ಅರ್ಜಿ, ಬಸ್ಸಿನ ಫಲಕ, ಪೇಟೆಯ ವ್ಯವಹಾರ ಇವುಗಳ ಭಾಷೆ ಯಾವುದಾಗಬೇಕೆಂಬುದು ನಮ್ಮೊಬ್ಬರ ಕೈಯಲ್ಲಿ ಉಳಿದಿಲ್ಲ. ಹೊಸ್ತಿಲಿನ ಒಳಗಿನ ಭಾಷೆ ಮಾತ್ರ ಇಂದಿಗೂ ನಮ್ಮ ಕೈಯಲ್ಲಿದೆ. ಆದುದರಿಂದ, ಮನೆಯಲ್ಲಿ ಏನನ್ನು ಇರಿಸಿಕೊಳ್ಳುತ್ತೇವೆ, ಏನನ್ನು ಹೊರಗೆ ಕಳುಹಿಸುತ್ತೇವೆ ಎಂಬುದು ಇತರರಿಗೆ ಅಭಿರುಚಿಯ ಪ್ರಶ್ನೆಯಾಗಿದ್ದರೆ, ನಮಗೆ ಅದು ನುಡಿಯ ಪ್ರಶ್ನೆಯೂ ಆಗಿದೆ. ವಸ್ತುವೊಂದು ಮನೆಯಿಂದ ಹೊರಟಾಗ ಅದರ ಹೆಸರೂ ಹಿಂದೆಯೇ ಹೊರಡುತ್ತದೆ.

ಇನ್ನು ಅಲಂಕಾರದ ವಿಷಯಕ್ಕೆ ಬರೋಣ. ಗೋಡೆಗೆ ಬಣ್ಣವನ್ನು ಆರಿಸುವಾಗ ಅಂಗಡಿಯವರು ಕೊಡುವ ಬಣ್ಣದ ಪುಸ್ತಕವನ್ನು ತೆರೆಯುವ ಮುನ್ನ ಒಮ್ಮೆ ಅಂಗಳಕ್ಕೆ ಇಳಿಯಿರಿ. ನಮ್ಮ ಕಾಲ ಕೆಳಗಿರುವ ಮುರಕಲ್ಲನ್ನು ನೋಡಿರಿ. ಅಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಈ ಕಲ್ಲನ್ನು ಫ್ರಾನ್ಸಿಸ್ ಬುಕಾನನ್ ಎಂಬಾತ ಮಲಬಾರಿನ ಅಂಗಾಡಿಪುರದಲ್ಲಿ ಗಮನಿಸಿ, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲ್ಯಾಟರ್’ ಎಂದರೆ ಇಟ್ಟಿಗೆ. ಕೆಳದಿಯ ಅರಸರು ಹದಿನೇಳನೆಯ ಶತಮಾನದಲ್ಲಿ ಬೇಕಲ, ಚಂದ್ರಗಿರಿ ಕೋಟೆಗಳನ್ನು ಕಟ್ಟಿಸಿದ್ದು ಇದೇ ಕಲ್ಲಿನಿಂದ. ಕಬ್ಬಿಣದ ಅಂಶದಿಂದ ಬಂದ ಇದರ ಕೆಂಪು, ಸುಣ್ಣದ ಬಿಳುಪು, ಹೊಸತರಲ್ಲಿ ಹಳದಿಯಾಗಿದ್ದು ವರ್ಷಗಳು ಕಳೆದಂತೆ ಕಂದಾಗುವ ಹಲಸಿನ ಮರ, ದಳಿಯ ಆಚೆ ಕಾಣುವ ಅಡಿಕೆ ತೋಟದ ಹಸುರು, ಈ ನಾಲ್ಕು ಬಣ್ಣಗಳು ನಮ್ಮ ಊರಿಗೆ ಹುಟ್ಟಿನಿಂದಲೇ ಬಂದವು. ಇವನ್ನು ಆಧಾರವಾಗಿಟ್ಟುಕೊಂಡು ಆರಿಸಿದ ಬಣ್ಣ ಮನೆಯನ್ನು ಎಂದೂ ಕೆಡಿಸದು.

ಹೊಸ ಮನೆಯನ್ನು ಕಟ್ಟುತ್ತಿರುವವರಿಗೆ ಒಂದು ಸೂಚನೆ. ಒಳಭಾಗದ ಒಂದು ಗೋಡೆಯನ್ನಾದರೂ ಗಾರೆ ಬಳಿಯದೆ, ಕಲ್ಲುಗಳ ಸಂದುಗಳನ್ನು ಮಾತ್ರ ಅಚ್ಚುಕಟ್ಟಾಗಿ ತುಂಬಿಸಿ ಬಿಡಿರಿ. ಅದಕ್ಕೆ ಬೇರೆ ಚಿತ್ರಪಟ ಬೇಡ. ಮಳೆ ಅಪ್ಪಳಿಸುವ ಹೊರಗೋಡೆಗೆ ಮಾತ್ರ ಈ ಪ್ರಯೋಗ ಸಲ್ಲದು. ನೆಲಕ್ಕೆ ದುಬಾರಿಯ ಹಾಸುಗಲ್ಲು ಹಾಕಲಾಗದವರು ಕೆಂಪು ನೆಲವನ್ನು ಮರೆಯಬಾರದು. ಸಿಮೆಂಟಿಗೆ ಕೆಂಪು ಆಕ್ಸೈಡ್ ಪುಡಿಯನ್ನು ಬೆರೆಸಿ ತೆಳುವಾಗಿ ಎಳೆದು, ಕರಣೆಯಿಂದ ಉಜ್ಜಿ ಉಜ್ಜಿ ನುಣುಪು ಬರಿಸುವ ಈ ನೆಲ ಬೇಸಗೆಯಲ್ಲಿ ತಂಪು, ನಡೆದಷ್ಟೂ ಹೊಳಪೇರುತ್ತದೆ. ಒಂದು ಕೋಣೆಗೆ ಬೇಕಾಗುವ ಪುಡಿ ಸಿಮೆಂಟುಗಳನ್ನು ಒಮ್ಮೆಗೇ ಒಣಗಿದಂತೆ ಬೆರೆಸಿಟ್ಟುಕೊಳ್ಳಬೇಕು. ಇಲ್ಲವಾದರೆ ಬಣ್ಣ ಒಂದೊಂದೆಡೆ ಒಂದೊಂದಾಗುತ್ತದೆ. ಕೆಲಸ ಮುಗಿದ ಮೇಲೆ ಒಂದು ವಾರವಾದರೂ ನೀರು ನಿಲ್ಲಿಸಬೇಕು. ಈ ಕೆಲಸವನ್ನು ಬಲ್ಲ ಮೇಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಹಿರಿಯರೊಬ್ಬರು ಸಿಕ್ಕಿದರೆ ಅವರಿಗೆ ಕೆಲಸ ಕೊಡುವುದೂ ಒಂದು ವಿದ್ಯೆಯನ್ನು ಉಳಿಸಿದಂತೆ.

ಕೆಂಪಿನ ಮೇಲೆ ಬಿಳಿಯಲ್ಲಿ ಬರೆಯುವುದು ಕನ್ನಡ ನಾಡಿನ ಹೆಂಗಸರ ಪುರಾತನ ಕಲೆ. ಸಾಗರ, ಸಿರ್ಸಿಗಳ ಆಸುಪಾಸಿನ ದೀವರ ಮನೆಗಳಲ್ಲಿ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯ ಬಿಳಿಯಿಂದ ಹಸೆಚಿತ್ತಾರ ಬರೆಯುತ್ತಾರೆ. ಪುಂಡಿಯ ನಾರೇ ಅವರ ಕುಂಚ. ಗೋವೆಯಿಂದ ಉತ್ತರ ಕನ್ನಡದವರೆಗಿನ ಕರಾವಳಿಯ ದೇವಾಲಯಗಳಲ್ಲಿ ಹಸಿ ಸುಣ್ಣದ ಗೋಡೆಗೆ ಕಾವಿ ಬಳಿದು, ಅದನ್ನು ಗೀರಿ ಒಳಗಿನ ಬಿಳಿಯನ್ನು ಹೊರಗೆಡಹುವ ಕಾವಿ ಕಲೆಯಿದೆ. ನಮ್ಮಲ್ಲಿ ಸಗಣಿ ಸಾರಿಸಿದ ಅಂಗಳದಲ್ಲಿ ಶೇಡಿಮಣ್ಣಿನ ಬಿಳಿಯಿಂದ ಬರೆಯುವ ರೂಢಿಯಿತ್ತು. ಹುಡುಗಿಯೊಬ್ಬಳಿಗೆ, ಹುಡುಗನಿಗೂ ಆಗಬಹುದು, ಜಗಲಿಯ ಗೋಡೆಯ ಕೆಳಗಿನ ಎರಡು ಅಡಿಯನ್ನು ಕೆಮ್ಮಣ್ಣಿನ ಬಣ್ಣ ಬಳಿದು ಬಿಟ್ಟುಕೊಡಿರಿ. ಅಕ್ಕಿಹಿಟ್ಟಿನ ನೀರಿನಿಂದಲೋ ಬಿಳಿಯ ಬಣ್ಣದಿಂದಲೋ ಏನು ಬೇಕಾದರೂ ಬರೆಯಲಿ. ರೇಖೆ ಓರೆಯಾಯಿತೆಂದು ಗದರಿಸಬೇಡಿರಿ.

ಎರಡನೆಯ ವಿಚಾರ ಬೆಳಕಿನದು. ಕತ್ತಲೆಯ ಕೋಣೆಯಲ್ಲಿ ಎಂಥ ಅಲಂಕಾರವೂ ವ್ಯರ್ಥ. 1865ರಲ್ಲಿ ಬಾಸೆಲ್ ಮಿಶನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ನಮ್ಮ ಮುಳಿಹುಲ್ಲಿನ ಮಾಡುಗಳು ಕ್ರಮೇಣ ಹಂಚಿನ ಮಾಡುಗಳಾದವು. ಅದೇ ಅಳತೆಯ ಗಾಜಿನ ಹಂಚು ಬಂದುದರಿಂದ ಒಳಕೋಣೆಗಳಿಗೆ ಬೆಳಕು ಇಳಿಯಿತು. ಹಂಚಿನ ಮನೆಯಲ್ಲಿರುವವರು ಅಡುಗೆಮನೆಯ ಮೇಲೆ ಎರಡು ಗಾಜಿನ ಹಂಚು ಹೊದೆಸಿ ನೋಡಿರಿ. ಸಾವಿರ ರೂಪಾಯಿಯ ದೀಪ ಕೊಡದ ಶೋಭೆಯನ್ನು ಬೆಳಗಿನ ಬಿಸಿಲಕೋಲು ಕೊಡುತ್ತದೆ. ತಾರಸಿ ಮನೆಯವರು ಮುಚ್ಚಿಗೆಗೂ ಕಿಟಕಿಯ ಎದುರಿನ ಗೋಡೆಗೂ ಬಿಳಿಯನ್ನೇ ಬಳಿಯಲಿ. ಆ ಗೋಡೆಯ ಮೇಲೊಂದು ಕನ್ನಡಿಯನ್ನು ತೂಗುಹಾಕಿದರೆ ತೋಟದ ಹಸುರು ಮನೆಯೊಳಗೆ ಎರಡು ಬಾರಿ ಕಾಣುತ್ತದೆ.

ನಮ್ಮ ಹವೆಯನ್ನು ಮರೆತು ಮಾಡಿದ ಅಲಂಕಾರಕ್ಕೆ ಒಂದೇ ವರ್ಷದ ಆಯುಷ್ಯ. ವರ್ಷವೊಂದಕ್ಕೆ 3000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಗೋಡೆಗೆ ಅಂಟಿಸುವ ಬಣ್ಣದ ಕಾಗದ ಆಟಿ ತಿಂಗಳಲ್ಲಿ ಬೂಸಲು ಹಿಡಿದು ಸುಲಿಯುತ್ತದೆ; ದಪ್ಪ ರತ್ನಗಂಬಳಿಯಲ್ಲಿ ತೇವ ನಿಂತು ಮುಗ್ಗುವಾಸನೆ ಬರುತ್ತದೆ. ಸುಣ್ಣ ಬಳಿದ ಗೋಡೆಯಲ್ಲಿ ಬೂಸಲು ಬೇಗನೆ ಬೆಳೆಯದು. ತೊಳೆದು ಒಣಗಿಸಬಹುದಾದ ಓಲೆಯ ಚಾಪೆ, ತೆಂಗಿನನಾರಿನ ಕಾಲೊರಸು, ಹತ್ತಿಯ ಪರದೆ ಇವು ನಮ್ಮ ಹವೆಗೆ ಒಗ್ಗಿದವು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮದೇ ಕೈಮಗ್ಗದ ಕಾಸರಗೋಡು ಸೀರೆ ಉಟ್ಟು ಹಳೆಯದಾದರೆ, ಅದರ ಅಂಚು ಕಾಣುವಂತೆ ಪರದೆ ಹೊಲಿಸಬಹುದು. ಗೋಡೆಗೆ ತೂಗುವ ಪಟಗಳ ಹಿಂಬದಿಯ ಕೆಳಮೂಲೆಗಳಲ್ಲಿ ಎರಡು ಸಣ್ಣ ಮರದ ತುಂಡುಗಳನ್ನು ಅಂಟಿಸಿರಿ; ಗಾಳಿ ಆಡುವುದರಿಂದ ಪಟಗಳು ಮಳೆಗಾಲದಲ್ಲಿ ಕೆಡುವುದಿಲ್ಲ.

ಮೂರನೆಯದು ವಸ್ತುಗಳ ಆಯ್ಕೆ. ಅಟ್ಟದಿಂದ ಎಲ್ಲವನ್ನೂ ಇಳಿಸಿ ಚಾವಡಿಯಲ್ಲಿ ಸಾಲಾಗಿ ನಿಲ್ಲಿಸಿದರೆ ಮನೆ ವಸ್ತುಸಂಗ್ರಹಾಲಯವಾದೀತು, ಅಲಂಕಾರವಾಗದು. ಒಂದು ಕೋಣೆಗೆ ಒಂದೋ ಎರಡೋ ವಸ್ತು ಸಾಕು. ಅದೂ ಇಂದಿಗೂ ಏನಾದರೊಂದು ಕೆಲಸಕ್ಕೆ ಬರುವಂತಿರಲಿ. ಮರಿಗೆಯಲ್ಲಿ ಹಣ್ಣುಗಳನ್ನು ಇಡಿರಿ. ಅಳತೆಯ ಕಳಸಿಗೆಯಲ್ಲಿ ಮಕ್ಕಳ ಪೆನ್ನು ಪೆನ್ಸಿಲುಗಳು ನಿಲ್ಲಲಿ. ಅಗಲವಾದ ಕಂಚಿನ ಉರುಳಿಯಲ್ಲಿ ನೀರು ತುಂಬಿ ನಾಲ್ಕು ದಾಸವಾಳವನ್ನೋ ನಂದಬಟ್ಟಲನ್ನೋ ತೇಲಿಬಿಡಿರಿ. ದಿನವೂ ನೀರು ಬದಲಿಸುವ ಹೊಣೆ ಒಂದು ಮಗುವಿಗಿರಲಿ. ಹದಿನಾಲ್ಕು ಗುಳಿಗಳ ಚೆನ್ನೆಮಣೆಯನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಬೇಡಿರಿ. ಜಗಲಿಯ ಮೇಲೆ ಮಂಜೊಟ್ಟಿಯ ಕೆಂಪು ಬೀಜಗಳೊಂದಿಗೆ ಇಡಿರಿ. ಬಂದ ನೆಂಟರ ಮಕ್ಕಳು ಮೊಬೈಲನ್ನು ಬದಿಗಿಟ್ಟು ಆಡಲು ಕುಳಿತರೆ ಅದಕ್ಕಿಂತ ದೊಡ್ಡ ಶೋಭೆ ಯಾವುದು?

ಹಳೆಯ ವಸ್ತುಗಳನ್ನು ಹೊಸತಾಗಿ ಕಾಣಿಸುವ ಆತುರ ಬೇಡ. ಕಂಚು ಹಿತ್ತಾಳೆಗಳನ್ನು ಹುಣಿಸೆಹುಳಿಯಿಂದ ತಿಕ್ಕಿ, ತೊಳೆದು, ತೇವ ಉಳಿಯದಂತೆ ಒರೆಸಿದರೆ ಸಾಕು. ಮರದ ಸಾಮಾನನ್ನು ಒಣಬಟ್ಟೆಯಿಂದ ಒರೆಸಿ ಬೇಸಗೆಯ ನೆರಳುಗಾಳಿಯಲ್ಲಿ ಒಣಗಿಸಿ, ನೆಲಕ್ಕೆ ತಗಲದಂತೆ ಇಡಬೇಕು. ಗೆದ್ದಲು ಬರುವುದು ನೆಲದಿಂದ. ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಮರಕ್ಕೆ ಹಚ್ಚುವ ಹಿಂದಿನವರ ಕ್ರಮ ಒಳ್ಳೆಯದೇ; ಆದರೆ ಅದು ತಗಲಿದರೆ ಚರ್ಮ ಸುಟ್ಟು ಬೊಕ್ಕೆಯೇಳುವುದರಿಂದ ಹಣ್ಣು ತಿಂಡಿ ಇಡುವ ವಸ್ತುಗಳಿಗೆ ಬೇಡ, ಮಕ್ಕಳ ಕೈಗಂತೂ ಸಿಗಲೇಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಬಳಿಕ ದೈವದ ಮೊಗಗಳನ್ನು ಹೋಲುವ ಅಚ್ಚಿನ ಬೊಂಬೆಗಳನ್ನು ಗೋಡೆಗೆ ತೂಗುವ ಚಪಲ ಹೆಚ್ಚಿದೆ. ದೈವದ ಭಂಡಾರಕ್ಕೆ ಸೇರಿದ ಮೊಗ, ಕಡ್ಸಲೆ, ಗಗ್ಗರಗಳಿಗೆ ಅವುಗಳದೇ ಆದ ಸ್ಥಾನವಿದೆ, ನಿಯಮವಿದೆ, ಅವನ್ನು ಹೊರುವ ಹಕ್ಕಿನವರಿದ್ದಾರೆ. ಟೀವಿಯ ಪಕ್ಕದ ಗೋಡೆ ಆ ಸ್ಥಾನವಲ್ಲ. ಯಾವುದನ್ನು ಅಲಂಕಾರಕ್ಕೆ ಬಳಸಬಾರದೆಂದು ತಿಳಿದಿರುವುದೂ ಅಭಿರುಚಿಯ ಭಾಗವೇ ಆಗಿದೆ.

ಶಿಕ್ಷಕ ತರಬೇತಿಯಲ್ಲಿ ನಮಗೆ ತರಗತಿಯ ಗೋಡೆಯನ್ನು ಬಳಸುವ ಬಗೆಗೆ ಎರಡು ಸೂತ್ರಗಳನ್ನು ಕಲಿಸಿದ್ದರು. ಒಂದು, ಚಿತ್ರಪಟ ಮಗುವಿನ ಕಣ್ಣಿನ ಎತ್ತರದಲ್ಲಿರಬೇಕು. ಎರಡು, ವರ್ಷವಿಡೀ ಒಂದೇ ಕಡೆ ತೂಗುವ ಚಿತ್ರಪಟವನ್ನು ಮಕ್ಕಳು ಕ್ರಮೇಣ ನೋಡುವುದನ್ನೇ ಬಿಡುತ್ತಾರೆ. ಆದುದರಿಂದ ಅದನ್ನು ಬದಲಿಸುತ್ತಿರಬೇಕು. ಈ ಎರಡು ಸೂತ್ರಗಳು ಮನೆಗೂ ಅನ್ವಯಿಸುತ್ತವೆ. ನಮ್ಮ ಹಿರಿಯರು ಯಾವ ತರಬೇತಿಯೂ ಇಲ್ಲದೆ ಎರಡನೆಯ ಸೂತ್ರವನ್ನು ಪಾಲಿಸುತ್ತಿದ್ದರು. ಅವರ ಮನೆಯ ಅಲಂಕಾರ ತಿಂಗಳು ತಿಂಗಳಿಗೂ ಬದಲಾಗುತ್ತಿತ್ತು.

ಮೇಷ ಸಂಕ್ರಮಣದ ಮರುದಿನ, ಅಂದರೆ ಬಿಸುವಿನ ಬೆಳಗ್ಗೆ, ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಹೂವು, ಕನ್ನಡಿ, ಚಿನ್ನ ಇವುಗಳನ್ನು ಜೋಡಿಸಿದ ಕಣಿ. ಆಟಿಯ ಮಳೆಯಲ್ಲಿ ಹೊರಗೆ ಕೆಲಸವಿಲ್ಲದಾಗ ಚೆನ್ನೆಮಣೆ. ಸೋಣ ತಿಂಗಳಿನಲ್ಲಿ ಹೊಸ್ತಿಲು ಬರೆದು ಪೂಜೆ. ಹೊಸ ಬೆಳೆ ಬಂದಾಗ ಭತ್ತದ ತೆನೆಯನ್ನು ಮಾವು, ಹಲಸು, ಬಿದಿರುಗಳ ಎಲೆಯೊಡನೆ ಸೇರಿಸಿ ಕಂಬಕ್ಕೂ ಬಾಗಿಲಿಗೂ ಕಟ್ಟಿ ಮನೆ ತುಂಬಿಸುವುದು. ನವರಾತ್ರಿಯಲ್ಲಿ ಪುಸ್ತಕಗಳನ್ನು ಜೋಡಿಸಿಟ್ಟು ಶಾರದಾಪೂಜೆ. ದೀಪಾವಳಿಗೆ ಬಲೀಂದ್ರ, ಬಿದಿರಕಡ್ಡಿಗೆ ಬಣ್ಣದ ಕಾಗದ ಅಂಟಿಸಿದ ಗೂಡುದೀಪ. ಇವು ಯಾವುದಕ್ಕೂ ಪೇಟೆಗೆ ಹೋಗಬೇಕಾಗಿರಲಿಲ್ಲ. ಯಾವುದೂ ಧೂಳು ಹಿಡಿಯುವಷ್ಟು ದಿನ ಉಳಿಯುತ್ತಲೂ ಇರಲಿಲ್ಲ. ಇಂದು ಗದ್ದೆಗಳು ಬಹುಪಾಲು ತೋಟಗಳಾಗಿವೆ. ಆದರೂ ಒಂದು ಹಿಡಿ ತೆನೆಯನ್ನು ಎಲ್ಲಿಂದಾದರೂ ತಂದು ಕಟ್ಟುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆ ತೆನೆ ಮುಂದಿನ ವರ್ಷದವರೆಗೆ ಬಾಗಿಲ ಮೇಲಿರಲಿ. ಅದಕ್ಕಿಂತ ಚೆಲುವಾದ ತೋರಣವನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ.

ನೆರೆಹೊರೆಯಿಂದ ಕಲಿಯಲು ಸಂಕೋಚ ಬೇಡ. ನಮ್ಮದನ್ನು ಉಳಿಸಿಕೊಳ್ಳುವುದೆಂದರೆ ಬಾಗಿಲು ಮುಚ್ಚಿ ಕೂರುವುದಲ್ಲ. ಓಣಂ ಬಂದಾಗ ಮಲೆಯಾಳಿ ಮನೆಗಳ ಅಂಗಳದಲ್ಲಿ ಅರಳುವ ಪೂಕಳವನ್ನು ನೋಡಿರಿ. ಬೇಲಿಯ ಹೂವುಗಳಿಂದಲೇ ಎಂಥ ವರ್ಣಸಂಯೋಜನೆ! ಕ್ರೈಸ್ತ ಬಂಧುಗಳು ಕ್ರಿಸ್ಮಸ್ಸಿಗೆ ತೂಗುವ ನಕ್ಷತ್ರವೂ ನಮ್ಮ ಗೂಡುದೀಪವೂ ಒಂದೇ ಕಡ್ಡಿ ಕಾಗದಗಳ ಮಕ್ಕಳು. ತಳಂಗರೆಯ ಟೊಪ್ಪಿಯ ಮೇಲೆ ಕೈಯಿಂದ ಹಾಕಿದ ಸೂಕ್ಷ್ಮ ಕಸೂತಿಯನ್ನು ಕಂಡ ಹೆಣ್ಣುಮಕ್ಕಳಿಗೆ ದಿಂಬಿನ ಹೊದಿಕೆಗೆ ಹೊಸ ವಿನ್ಯಾಸ ಹೊಳೆಯದಿರದು. ಮಧೂರಿನ ದೇವಾಲಯಕ್ಕೆ ಹೋದಾಗ ಕೈಮುಗಿದು ಹಿಂತಿರುಗುವ ಮುನ್ನ, ಗಜಪೃಷ್ಠಾಕಾರದ ಆ ಮೂರು ಅಂತಸ್ತಿನ ಮಾಡನ್ನು ಒಮ್ಮೆ ದೂರದಿಂದ ನಿಂತು ನೋಡಿರಿ. ಕಲ್ಲು, ಮರ, ತಾಮ್ರ ಎಂಬ ಕೆಲವೇ ವಸ್ತುಗಳಿಂದ ಎಷ್ಟು ಗಾಂಭೀರ್ಯ ಬರಬಹುದೆಂಬುದು ತಿಳಿಯುತ್ತದೆ.

‘ಇದೆಲ್ಲ ಅಟ್ಟವಿದ್ದ ದೊಡ್ಡ ಮನೆಯವರ ಮಾತು, ಸರಕಾರದ ನೆರವಿನಿಂದ ಎದ್ದ ಎರಡು ಕೋಣೆಯ ಮನೆಯಲ್ಲಿರುವ ನಮಗೇನು?’ ಎಂದು ಕೆಲವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಚಿಕ್ಕ ಮನೆಗೆ ಮೊದಲ ಅಲಂಕಾರ ತೆರವಾದ ಜಾಗ. ಒಂದು ಗೋಡೆಯನ್ನು ಪೂರ್ತಿಯಾಗಿ ಖಾಲಿ ಬಿಡಿರಿ. ಕಿಟಕಿಯ ದಂಡೆಯಲ್ಲಿ ಒಂದು ತುಳಸಿಯ ಕುಂಡ, ನೆಲದ ಮೇಲೆ ಒಂದು ಓಲೆಯ ಚಾಪೆ, ಗೋಡೆಗೆ ಅಡಿಕೆಹಾಳೆಯ ಬೀಸಣಿಗೆ ಸಾಕು. ಸಾಮಾನುಗಳನ್ನು ತುಂಬಿಡಲು ಪ್ಲಾಸ್ಟಿಕ್ಕಿನ ಡಬ್ಬಿಗಳ ಬದಲಿಗೆ ಬುಟ್ಟಿಗಳನ್ನು ಕೊಳ್ಳಿರಿ. ನಮ್ಮ ಜಿಲ್ಲೆಯ ಕೊರಗ ಬಂಧುಗಳು ಕಾಡುಬಳ್ಳಿಯಿಂದ ಹೆಣೆಯುವ ಬುಟ್ಟಿ, ಹೆಡಿಗೆ, ಕುಡುಪುಗಳ ಬಿಗುವನ್ನೂ ಅಂದವನ್ನೂ ಯಾವ ಯಂತ್ರವೂ ತಲುಪಿಲ್ಲ. ಅವರ ಬಳಿ ಚೌಕಾಸಿ ಮಾಡದೆ ಕೇಳಿದ ಬೆಲೆಯನ್ನು ಕೊಡಿರಿ. ಆ ಬಳ್ಳಿಯನ್ನು ಹುಡುಕಿ ತರಲು ಕಾಡಿನಲ್ಲಿ ಎಷ್ಟು ಅಲೆಯಬೇಕೆಂಬುದು ಅವರಿಗೇ ಗೊತ್ತು.

ಕೊನೆಯದು ಅಕ್ಷರದ ಅಲಂಕಾರ. ಕೇರಳದಲ್ಲಿ ಮನೆಗೆ ಹೆಸರಿಡುವುದು ಎಲ್ಲೆಡೆಯ ರೂಢಿ. ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಪೆರಡಾಲದ ತಮ್ಮ ಮನೆಯನ್ನು ‘ಕವಿತಾ ಕುಟೀರ’ವೆಂದು ಕರೆದರು. ನಿಮ್ಮ ಮನೆಗೂ ಒಂದು ಹೆಸರಿರಲಿ. ತರವಾಡಿನ ಹಳೆಯ ಹೆಸರೇ ಆದರೆ ಮತ್ತೂ ಒಳ್ಳೆಯದು. ಹಲಗೆಯ ಮೇಲೆ ಅದನ್ನು ಕನ್ನಡದಲ್ಲಿ ದೊಡ್ಡದಾಗಿ ಕೆತ್ತಿಸಿ, ಕೆಳಗೆ ಮಲೆಯಾಳದಲ್ಲೂ ಬರೆಯಿಸಿರಿ. ಅಂಚೆಯವನಿಗೆ ಅನುಕೂಲ; ನೆರೆಯವರಿಗೆ ಗೌರವ. ಗೋಡೆಯ ಮೇಲಿರುವ ಹಿರಿಯರ ಫೋಟೋಗಳನ್ನು ಇಳಿಸಿ ಒರೆಸುವಾಗ, ಹಿಂಬದಿಯಲ್ಲಿ ಅವರ ಹೆಸರು, ಊರು, ತೆಗೆದ ವರ್ಷ ಇವುಗಳನ್ನು ಕನ್ನಡದಲ್ಲಿ ಬರೆದಿಡಿರಿ. ಇಂದು ಅವರನ್ನು ಗುರುತಿಸಬಲ್ಲವರು ಮನೆಯಲ್ಲಿದ್ದಾರೆ. ಇಪ್ಪತ್ತು ವರ್ಷಗಳ ಬಳಿಕ ಇರಲಾರರು. ಅದರಲ್ಲಿ ಒಂದು ಫೋಟೋವನ್ನಾದರೂ ಮೂರು ಅಡಿ ಎತ್ತರಕ್ಕೆ ಇಳಿಸಿ ತೂಗುಹಾಕಿರಿ. ಕತ್ತೆತ್ತಿ ನೋಡಬೇಕಾದ ಅಜ್ಜನಿಗಿಂತ ಎದುರಿಗೆ ನಿಂತ ಅಜ್ಜ ಮಗುವಿಗೆ ಹತ್ತಿರ.

ಸೋಫಾದ ಪಕ್ಕದಲ್ಲಿ ಕೈಗೆಟಕುವಂತೆ ಒಂದು ಸಣ್ಣ ಪುಸ್ತಕದ ಕಪಾಟೂ ಇರಲಿ, ಬೀಗ ಬೇಡ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳ (1883–1963) ಮನೆ ಇಂದು ಸ್ಮಾರಕವಾಗಿ ನಿಂತಿದೆ; ಅದಕ್ಕೆ ಅವರ ಮೊದಲ ಕವನಸಂಕಲನದ ‘ಗಿಳಿವಿಂಡು’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಗಡಿಯ ಈ ಮೂಲೆಯಲ್ಲಿ ಕುಳಿತು ಅಷ್ಟು ಭಾಷೆಗಳನ್ನು ಕಲಿತ ಆ ಹಿರಿಯರು, ಕನ್ನಡವನ್ನು ಪ್ರೀತಿಸುವುದಕ್ಕೆ ಬೇರೆ ಭಾಷೆಯನ್ನು ದೂರವಿಡಬೇಕಾಗಿಲ್ಲ ಎಂಬುದನ್ನೂ ತೋರಿಸಿಕೊಟ್ಟರು. ಕಪಾಟಿನಲ್ಲಿ ಕನ್ನಡ ಪುಸ್ತಕಗಳ ಜೊತೆಗೆ ಮಲೆಯಾಳದವೂ ಇಂಗ್ಲಿಷಿನವೂ ಇರಲಿ. ಆದರೆ ಮಗು ಮೊದಲು ಕೈ ಚಾಚುವ ಕೆಳಗಿನ ಸಾಲು ಕನ್ನಡದ್ದಾಗಿರಲಿ.

ಮನೆಗೆ ಬಂದವರು ‘ಎಷ್ಟು ಖರ್ಚಾಯಿತು?’ ಎಂದು ಕೇಳಿದರೆ ಅದು ಪೇಟೆಯ ಅಲಂಕಾರ, ‘ಇದರ ಹೆಸರೇನು?’ ಎಂದು ಕೇಳಿದರೆ ಅದು ಮನೆಯ ಅಲಂಕಾರ. ಎರಡನೆಯ ಪ್ರಶ್ನೆಗೆ ಉತ್ತರಿಸಬೇಕಾದವರು ಮಕ್ಕಳು. ಹೆಸರನ್ನು ಅವರ ಬಾಯಿಗೆ ತಲುಪಿಸಬೇಕಾದವರು ನಾವು.

ಓದುಗರಲ್ಲಿ ಒಂದು ವಿನಂತಿ. ಮೇಲೆ ಹೇಳಿದ ನೋಟುಪುಸ್ತಕದ ಪಟ್ಟಿಯನ್ನು ನಿಮ್ಮ ಮನೆಯಲ್ಲೂ ಮಾಡಿಸಿರಿ. ಒಂದೇ ವಸ್ತುವಿಗೆ ಮಂಜೇಶ್ವರದಲ್ಲಿ ಒಂದು ಹೆಸರು, ಅಡೂರಿನ ಕಡೆ ಇನ್ನೊಂದು ಹೆಸರು ಇರುವುದುಂಟು. ಹೆಸರು, ಉಪಯೋಗ, ಊರು ಇಷ್ಟನ್ನು ಮಕ್ಕಳ ಕೈಯಿಂದಲೇ ಬರೆಯಿಸಿ ಪತ್ರಿಕೆಯ ವಿಳಾಸಕ್ಕೆ ಕಳುಹಿಸಿಕೊಡಿರಿ. ಅಕ್ಷರ ದೋಷಗಳನ್ನು ತಿದ್ದುವ ಕೆಲಸ ನನಗಿರಲಿ. ಬಂದ ಶಬ್ದಗಳನ್ನು ಮುಂದಿನ ಸಂಚಿಕೆಗಳಲ್ಲಿ ಈ ಪುಟದಲ್ಲೇ ಜೋಡಿಸಿ ಇಡೋಣ.